ಕ್ನೆಕ್ಟ್‌ಲಿಂಗ್‌ಗೆ ತೆರೆಯದ ಬಾಗಿಲು

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸ್ವಿಟ್ಜರ್ಲೆಂಡಿನ ನಾಟಕಕಾರ ಮ್ಯಾಕ್ಸ್ ಫ್ರಿಶ್ ಅವರ 'ಬೀಡರ್‌ಮನ್ ಮತ್ತು ಬೆಂಕಿ ಹಚ್ಚುವವರು' ನಾಟಕವನ್ನು ಇಂಗ್ಲಿಷ್ ಅನುವಾದದಲ್ಲಿ ಓದಿ ನಿಮಗೆ ಬೇಸರವಾಗಿದೆ. "ದಿಕ್ಕಿಲ್ಲದೆ ಬಂದವನಿಗೆ ಊಟ ಹಾಕಿ, ಮಲಗಲು ಜಾಗ ಕೊಟ್ಟವನನ್ನು ನಾಟಕಕಾರ ಯಾಕೆ ಗೇಲಿ ಮಾಡಬೇಕು? ಅತಿಥಿಯನ್ನು ಅನುಮಾನಿಸಿ ಎನ್ನುವ ಪಾಠ ನಮಗೆ ಬೇಡ" ಎಂದು ಬರೆದಿದ್ದೀರಿ. ಬೆಂಕಿ ಹಚ್ಚುವವರು ಯಾವ ಪಕ್ಷದವರು ಎಂದು ಹೇಳದೆ ಲೇಖಕರು ಜಾರಿಕೊಂಡಿದ್ದಾರೆ ಎಂಬುದು ನಿಮ್ಮ ಇನ್ನೊಂದು ದೂರು.

ನಾಟಕ ಓದದವರಿಗಾಗಿ ಕಥೆಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ಗಾಟ್ಲೀಬ್ ಬೀಡರ್‌ಮನ್ ಕೂದಲಿನ ಟಾನಿಕ್ ತಯಾರಿಸುವ ಸಾಹುಕಾರ. ಊರಲ್ಲಿ ಒಂದರ ಹಿಂದೆ ಒಂದು ಮನೆಗೆ ಬೆಂಕಿ ಬೀಳುತ್ತಿದೆ. ತಲೆಹೊರೆ ವ್ಯಾಪಾರಿಯ ವೇಷದಲ್ಲಿ ಬಂದು, ಅಟ್ಟದಲ್ಲಿ ಮಲಗಲು ಜಾಗ ಕೇಳಿ, ಆಮೇಲೆ ಮನೆಯನ್ನೇ ಸುಡುತ್ತಾರೆ. ಪೇಪರಿನಲ್ಲಿ ಇದನ್ನು ಓದಿದ ಬೀಡರ್‌ಮನ್, ಇಂಥವರನ್ನೆಲ್ಲ ಗಲ್ಲಿಗೆ ಹಾಕಬೇಕು ಎಂದು ಸಿಟ್ಟಾಗುತ್ತಾನೆ. ಅಷ್ಟರಲ್ಲೇ ಹಿಂದೆ ಕುಸ್ತಿ ಆಡುತ್ತಿದ್ದ ಶ್ಮಿಟ್ಸ್ ಎಂಬುವವನು ಬರುತ್ತಾನೆ. ಅಟ್ಟ ಸಿಗುತ್ತದೆ. ಹಿಂದೆಯೇ ಹೋಟೆಲಿನಲ್ಲಿ ಕೆಲಸ ಮಾಡಿದ್ದ ಐಸೆನ್‌ರಿಂಗ್ ಬರುತ್ತಾನೆ. ಪೆಟ್ರೋಲ್ ತುಂಬಿದ ಡ್ರಮ್‌ಗಳೂ ಅಟ್ಟ ಹತ್ತುತ್ತವೆ. ಸಿಡಿಮದ್ದಿನ ಬತ್ತಿಯನ್ನು ಅಳೆಯುವಾಗ ಅದರ ತುದಿ ಹಿಡಿದುಕೊಳ್ಳುವವನು ಬೀಡರ್‌ಮನ್ನೇ. ಕೊನೆಗೆ ಕಡ್ಡಿಪೆಟ್ಟಿಗೆ ಕೊಡುವವನೂ ಅವನೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬೀಡರ್‌ಮನ್ ಕರುಣೆಯಿಂದ ಬಾಗಿಲು ತೆರೆದನೇ?

ದಯವಿಟ್ಟು ಮೊದಲ ದೃಶ್ಯವನ್ನು ಇನ್ನೊಮ್ಮೆ ಓದಿ. ಆ ಸಂಜೆ ಅವನ ಮನೆಬಾಗಿಲಿಗೆ ಇಬ್ಬರು ಬರುತ್ತಾರೆ. ಒಬ್ಬ ಶ್ಮಿಟ್ಸ್. ಇನ್ನೊಬ್ಬನ ಹೆಸರು ಕ್ನೆಕ್ಟ್‌ಲಿಂಗ್. ಈತ ಬೀಡರ್‌ಮನ್ನನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದವನು. ಬೀಡರ್‌ಮನ್‌ಗೆ ಹಣ ತಂದ ಟಾನಿಕ್ ಇವನದೇ ಆವಿಷ್ಕಾರ. ಅದರಲ್ಲಿ ಪಾಲು ಕೇಳಿದ್ದಕ್ಕೆ ಕೆಲಸ ಹೋಗಿದೆ. ಬೇಡಿಕೊಳ್ಳಲು ಬಂದಿದ್ದಾನೆ. ಬೀಡರ್‌ಮನ್ ಅವನನ್ನು ಒಳಗೂ ಕರೆಯುವುದಿಲ್ಲ. ವಕೀಲರನ್ನು ಹಿಡಿಯಲಿ, ಇಲ್ಲದಿದ್ದರೆ ಗ್ಯಾಸ್ ತಿರುಗಿಸಿಕೊಂಡು ಮಲಗಲಿ ಎನ್ನುತ್ತಾನೆ. ಆ ಮನುಷ್ಯ ಅಂದು ರಾತ್ರಿ ಹಾಗೆಯೇ ಪ್ರಾಣ ಬಿಡುತ್ತಾನೆ.

ಒಂದೇ ಸಂಜೆ, ಒಂದೇ ಮನೆ. ನ್ಯಾಯ ಕೇಳಲು ಬಂದವನು ಹೊರಗೆ. ದೇಹಬಲ ತೋರಿಸುತ್ತಾ, ನಿಮ್ಮಂಥ ಮಾನವೀಯತೆ ಇರುವವರು ಈಗ ಎಲ್ಲಿದ್ದಾರೆ ಎಂದು ಹೊಗಳುತ್ತಾ ಬಂದವನು ಒಳಗೆ, ಊಟದ ಮೇಜಿನ ಮುಂದೆ. ಇದನ್ನು ಅತಿಥಿ ಸತ್ಕಾರ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅವನು ಶ್ಮಿಟ್ಸ್‌ಗೆ ಹೆದರಿದ. ಆ ಹೆದರಿಕೆಗೆ ಒಳ್ಳೆಯತನ ಎಂದು ಹೆಸರಿಟ್ಟುಕೊಂಡ. ನಾಟಕ ಗೇಲಿ ಮಾಡುವುದು ಈ ಹೆಸರಿಟ್ಟುಕೊಳ್ಳುವುದನ್ನು. ಅತಿಥಿಗೆ ಅನ್ನ ಹಾಕುವ ನಿಮ್ಮ ನಮ್ಮ ಮನೆಯ ಪದ್ಧತಿಗೆ ಅದು ಕೈ ಹಾಕಿಲ್ಲ.

ಮಾರನೆಯ ದಿನ ಅಟ್ಟದಲ್ಲಿ ನಡೆಯುವುದನ್ನೂ ನೋಡಿ. ಪೊಲೀಸಿನವನು ಕ್ನೆಕ್ಟ್‌ಲಿಂಗ್ ಸತ್ತ ಸುದ್ದಿ ತಂದಿದ್ದಾನೆ. ಸುತ್ತ ಡ್ರಮ್‌ಗಳಿವೆ. ಇದರಲ್ಲಿ ಏನಿದೆ ಎಂದು ಕೇಳುತ್ತಾನೆ. ಒಂದು ಮಾತು ಹೇಳಿದ್ದರೆ ಊರೇ ಉಳಿಯುತ್ತಿತ್ತು. ಬೀಡರ್‌ಮನ್, ಕೂದಲಿನ ಟಾನಿಕ್ ಎನ್ನುತ್ತಾನೆ. ಆ ಹೊತ್ತಿನಲ್ಲಿ ಅವನಿಗೆ ಪೆಟ್ರೋಲಿಗಿಂತ ಪೊಲೀಸಿನವನ ಭಯವೇ ಜಾಸ್ತಿ. ತನ್ನ ಲೆಕ್ಕ ಚೊಕ್ಕವಾಗಿಲ್ಲದವನು ಬೇರೆಯವರ ಮೇಲೆ ದೂರು ಕೊಡಲಾರ. ಐಸೆನ್‌ರಿಂಗ್ ಆಮೇಲೆ ಇದನ್ನು ಅವನ ಮುಖಕ್ಕೇ ಹೇಳುತ್ತಾನೆ. ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಎನ್ನುತ್ತೇವಲ್ಲ, ಬೀಡರ್‌ಮನ್ ಅದಕ್ಕೂ ಒಂದು ಹೆಜ್ಜೆ ಮುಂದೆ. ಕೆಂಡ ಕಾಣದಂತೆ ಸೆರಗು ಮುಚ್ಚುತ್ತಾನೆ.

ಪಕ್ಷದ ಹೆಸರು ಯಾಕಿಲ್ಲ ಎಂಬುದಕ್ಕೆ ನಾಟಕ ಹುಟ್ಟಿದ ಬಗೆಯಲ್ಲೇ ಉತ್ತರವಿದೆ. ಫ್ರಿಶ್ (1911-1991) ಜ್ಯೂರಿಚ್‌ನವರು, ಕಟ್ಟಡಗಳ ವಿನ್ಯಾಸಕಾರರಾಗಿಯೂ ಕೆಲಸ ಮಾಡಿದವರು. ಈ ಕಥೆಯ ಮೊದಲ ರೂಪ 1948ರ ಅವರ ದಿನಚರಿಯಲ್ಲಿದೆ. ಆ ವರ್ಷ ಫೆಬ್ರುವರಿಯಲ್ಲಿ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಿದ್ದರು. 1953ರಲ್ಲಿ ಅದು ರೇಡಿಯೊ ನಾಟಕವಾಯಿತು. 1958ರ ಮಾರ್ಚ್ 29ರಂದು ಜ್ಯೂರಿಚ್‌ನ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡಿತು. ಅದನ್ನು ನೋಡಿದವರಿಗೆ ಪ್ರಾಗ್‌ಗಿಂತ ಬರ್ಲಿನ್ ನೆನಪಾಗಿದ್ದರೆ ಆಶ್ಚರ್ಯವಿಲ್ಲ, ಅಲ್ವಾ?

ಬರ್ಲಿನ್ನಿನ ಅಟ್ಟದ ಕಥೆಯೂ ಹೀಗೇ ಇತ್ತು. 1933ರ ಜನವರಿ 30ರಂದು ಹಿಟ್ಲರ್ ಜರ್ಮನಿಯ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆದಾಗ ಮಂತ್ರಿಮಂಡಲದಲ್ಲಿ ಅವನ ಪಕ್ಷದವರು ಅವನ ಜೊತೆ ಇನ್ನಿಬ್ಬರು ಮಾತ್ರ. ಅವನನ್ನು ಒಳಗೆ ಕರೆದುಕೊಂಡ, ಹಿಂದೆ ತಾನೇ ಚಾನ್ಸಲರ್ ಆಗಿದ್ದ ಪಾಪೆನ್ ಮುಂತಾದ ದೊಡ್ಡ ಮನೆತನದವರು, ಎರಡು ತಿಂಗಳಲ್ಲಿ ಇವನನ್ನು ಮೂಲೆಗೆ ತಳ್ಳುತ್ತೇವೆ ಎಂದುಕೊಂಡಿದ್ದರು. ಎರಡು ತಿಂಗಳು ತುಂಬುವ ಮೊದಲೇ, ಮಾರ್ಚ್ 23ರಂದು, ಸಂಸತ್ತು ತನ್ನ ಅಧಿಕಾರವನ್ನು ಅವನ ಸರ್ಕಾರದ ಕೈಗೆ ಕೊಟ್ಟಿತು. ಪರವಾಗಿ 444 ಮತ, ವಿರೋಧ 94. ಇದೇನು ಗುಟ್ಟಾಗಿ ನಡೆದದ್ದಲ್ಲ. ಯೆಹೂದಿಗಳ ಬಗ್ಗೆ, ಪ್ರಜಾಪ್ರಭುತ್ವದ ಬಗ್ಗೆ ತನ್ನ ಮನಸ್ಸಿನಲ್ಲಿ ಏನಿದೆ ಎಂದು ಅವನು 1925ರಿಂದಲೇ ಅಚ್ಚು ಹಾಕಿಸಿದ್ದ. ಸುಮ್ನೆ ಬಾಯಿಮಾತು, ಅಧಿಕಾರ ಬಂದ ಮೇಲೆ ಸರಿಹೋಗುತ್ತಾನೆ ಎಂದವರು ಬಹಳ.

ನಾಟಕದಲ್ಲಿ ಐಸೆನ್‌ರಿಂಗ್ ತನ್ನ ಕಸುಬಿನ ಗುಟ್ಟು ಹೇಳುವ ಮಾತು ನನ್ನನ್ನು ಹಿಡಿದು ನಿಲ್ಲಿಸುವುದು ಇದಕ್ಕೇ. ಮರೆಮಾಚಲು ತಮಾಷೆ ಒಂದು ದಾರಿ. ಅದಕ್ಕಿಂತ ಒಳ್ಳೆಯ ದಾರಿ ಕಣ್ಣೀರು ತರಿಸುವ ಕಥೆ. ಎಲ್ಲಕ್ಕಿಂತ ಒಳ್ಳೆಯದು ನಿಜ ಹೇಳಿಬಿಡುವುದು, ಯಾಕೆಂದರೆ ಅದನ್ನು ಯಾರೂ ನಂಬುವುದಿಲ್ಲ. ಅವರು ಬೀಡರ್‌ಮನ್‌ಗೆ ಮೋಸ ಮಾಡುವುದೇ ಇಲ್ಲ. ಪೆಟ್ರೋಲ್ ಎನ್ನುತ್ತಾರೆ, ಬತ್ತಿ ಎನ್ನುತ್ತಾರೆ. ಅವನು ನಗುತ್ತಾನೆ. ಪಕ್ಷದ ಹೆಸರು ಹಾಕಿದ್ದರೆ ನಾವೂ ಹಾಗೆ ನಗಬಹುದಿತ್ತು, ಇದು ನಮ್ಮ ಕಥೆಯಲ್ಲ ಎಂದು. ಆ ದಾರಿಯನ್ನು ಫ್ರಿಶ್ ಮುಚ್ಚಿದ್ದಾರೆ. ಇದಕ್ಕೆ ಜಾರಿಕೊಳ್ಳುವುದು ಎನ್ನಬೇಡಿ. ನಡುವೆ ಬೀಡರ್‌ಮನ್ ನೇರ ಪ್ರೇಕ್ಷಕರ ಕಡೆ ತಿರುಗಿ, ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ, ಯಾವಾಗ ಮಾಡುತ್ತಿದ್ದಿರಿ ಎಂದು ಕೇಳುತ್ತಾನೆ. ಆ 'ಯಾವಾಗ' ಎಂಬ ಪ್ರಶ್ನೆಗೆ ನನ್ನಲ್ಲಿ ಇನ್ನೂ ಸರಿಯಾದ ಉತ್ತರವಿಲ್ಲ. ಮೊದಲ ಡ್ರಮ್ ಬಂದಾಗ ಎನ್ನುತ್ತಿದ್ದೆ ಮೊದಲು. ಈಗ ಅದಕ್ಕೂ ಮುಂಚೆ, ಕ್ನೆಕ್ಟ್‌ಲಿಂಗ್ ಬಾಗಿಲು ತಟ್ಟಿದಾಗ ಎನ್ನಿಸುತ್ತದೆ.

ನಿಮ್ಮ ಪತ್ರದಲ್ಲಿ ಕ್ನೆಕ್ಟ್‌ಲಿಂಗ್ ಹೆಸರೇ ಇಲ್ಲ. ತಪ್ಪು ಎಂದು ಹೇಳುತ್ತಿಲ್ಲ. ಅವನು ಒಮ್ಮೆಯೂ ರಂಗದ ಮೇಲೆ ಬರುವುದಿಲ್ಲ, ಹಾಗಾಗಿ ಮರೆತುಹೋಗುತ್ತಾನೆ. ಅವನ ಹೆಂಡತಿ ಬರುತ್ತಾಳೆ, ಕಪ್ಪು ಬಟ್ಟೆ ಉಟ್ಟು ಕಾಯುತ್ತಾಳೆ. ಬೀಡರ್‌ಮನ್‌ಗೆ ಅವಳ ಜೊತೆ ಮಾತಾಡಲು ಪುರುಸೊತ್ತಿಲ್ಲ. ಅಟ್ಟದವರಿಗೆ ಹೆಬ್ಬಾತಿನ ಊಟ ಸಿದ್ಧವಾಗಬೇಕು. ಸಾವಿನ ಮನೆಗೆಂದು ಅವನೊಂದು ದೊಡ್ಡ ಪುಷ್ಪಚಕ್ರ ಕಳಿಸಲು ಹೇಳಿರುತ್ತಾನೆ. ಅಂಗಡಿಯವರು ವಿಳಾಸ ಅದಲು ಬದಲು ಮಾಡುತ್ತಾರೆ. ಬಿಲ್ಲು ಆ ವಿಧವೆಗೆ ಹೋಗುತ್ತದೆ. ಪುಷ್ಪಚಕ್ರ ಬೀಡರ್‌ಮನ್ನನ ಮನೆಗೇ ಬರುತ್ತದೆ. ಅವನ ಹೆಂಡತಿ ಬಬೆಟ್ ರಿಬ್ಬನ್ ಬಿಡಿಸಿ ಓದುತ್ತಾಳೆ. ಅದರ ಮೇಲೆ ಇರುವ ಹೆಸರು ಗಾಟ್ಲೀಬ್ ಬೀಡರ್‌ಮನ್.

ಇಂತಿ ನಿಮ್ಮ,
ಸಂಪಾದಕ