ಯೆಜ್ಡಿ ಟ್ಯಾಂಕಿನ ತುಕ್ಕಿಗೆ ಬ್ಯಾಟರಿ ಚಾರ್ಜರ್ ಮದ್ದಾಗುವುದೇ?

ಪ್ರಶ್ನೆ: ನಮ್ಮ ತಂದೆಯವರು 1984ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಹನ್ನೊಂದು ವರ್ಷಗಳಿಂದ ಕೊಟ್ಟಿಗೆಯಲ್ಲೇ ನಿಂತಿದೆ. ಪೆಟ್ರೋಲ್ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ತುಕ್ಕು ಹಪ್ಪಳದಂತೆ ಎದ್ದಿದೆ. ಮೆಕ್ಯಾನಿಕ್ ಆ್ಯಸಿಡ್ ಹಾಕಿಸಿ ಎನ್ನುತ್ತಾರೆ, ಸ್ನೇಹಿತರು ಬ್ಯಾಟರಿ ಚಾರ್ಜರ್ ಸಾಕು ಎನ್ನುತ್ತಾರೆ. ಹೊರಗಿನ ಮೂಲ ಬಣ್ಣ ಕೆಡಬಾರದು. ಯಾವುದು ಸರಿ?
– ಓದುಗರು, ಮೈಸೂರು

ಉತ್ತರ: ನಿಮ್ಮ ಊರಿನಲ್ಲೇ ತಯಾರಾದ ಬೈಕು ಅದು. ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಮೂಲ ಟ್ಯಾಂಕನ್ನು ಉಳಿಸಿಕೊಳ್ಳುವುದೇ ಲೇಸು. ಆ್ಯಸಿಡ್ ತುಕ್ಕನ್ನು ಕರಗಿಸಿದ ಮೇಲೆ ಒಳ್ಳೆಯ ತಗಡನ್ನೂ ತಿನ್ನಲು ತೊಡಗುತ್ತದೆ. ಚಾರ್ಜರಿನ ವಿದ್ಯುತ್ತನ್ನು ಸೋಡಾ ನೀರಿನ ಮೂಲಕ ಹಾಯಿಸಿ ತುಕ್ಕು ಬಿಡಿಸುವ ವಿದ್ಯುದ್ವಿಭಜನೆಯಲ್ಲಿ, ಟ್ಯಾಂಕು ಋಣಾಗ್ರವಾಗಿರುವವರೆಗೆ, ಎಂದರೆ ಚಾರ್ಜರಿನ ಋಣ ತುದಿಗೆ ಜೋಡಿಸಿರುವವರೆಗೆ, ಆ ಭಯವಿಲ್ಲ. ಆದ್ದರಿಂದ ನನ್ನ ಮತ ನಿಮ್ಮ ಸ್ನೇಹಿತರ ಕಡೆಗೆ.

ಮೊದಲು ಪೆಟ್ರೋಲ್ ಪೂರ್ತಿ ಬಸಿದು, ಸೋಪಿನ ನೀರಿನಿಂದ ವಾಸನೆ ಹೋಗುವವರೆಗೆ ಹಲವು ಬಾರಿ ತೊಳೆಯಿರಿ. ಪೆಟ್ರೋಲ್ ಕಾಕ್ ಬಿಚ್ಚಿ ಆ ರಂಧ್ರಕ್ಕೆ ರಬ್ಬರ್ ಬಿರಡೆ ಹಾಕಿರಿ. 10 ಲೀಟರ್ ನೀರಿಗೆ 40–50 ಗ್ರಾಂನಷ್ಟು ವಾಷಿಂಗ್ ಸೋಡಾ ಕರಗಿಸಿ ತುಂಬಿರಿ. ಅಡುಗೆ ಉಪ್ಪನ್ನು ಮಾತ್ರ ಹಾಕಬೇಡಿ, ಅದರಿಂದ ಕ್ಲೋರಿನ್ ಅನಿಲ ಹೊರಡುತ್ತದೆ. ಕಟ್ಟಡಕ್ಕೆ ಬಳಸುವ ಸಾದಾ ಕಬ್ಬಿಣದ ಸರಳನ್ನು, ಹಳೆಯ ಸೈಕಲ್ ಟ್ಯೂಬನ್ನು ಅಲ್ಲಲ್ಲಿ ಸುತ್ತಿ, ಟ್ಯಾಂಕಿನ ಲೋಹಕ್ಕೆ ಎಲ್ಲಿಯೂ ತಗುಲದಂತೆ ಬಾಯಿಯಿಂದ ಇಳಿಬಿಡಿ. ಸ್ಟೇನ್‌ಲೆಸ್ ಸ್ಟೀಲ್ ಸರಳು ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುವುದರಿಂದ ಅದು ಬೇಡ.

ಇನ್ನು ಸಂಪರ್ಕದ ಮಾತು. 12 ವೋಲ್ಟ್ ಚಾರ್ಜರಿನ ಧನ ಕ್ಲಿಪ್ಪು ಸರಳಿಗೆ, ಋಣ ಕ್ಲಿಪ್ಪು ಟ್ಯಾಂಕಿನ ಅಡಿಯಲ್ಲಿ ಬಣ್ಣವಿಲ್ಲದ ಲೋಹಕ್ಕೆ. ಇದು ಅದಲುಬದಲಾದರೆ ಕರಗುವುದು ನಿಮ್ಮ ಟ್ಯಾಂಕೇ. ನಾನೇ ಒಮ್ಮೆ ಅವಸರದಲ್ಲಿ ಹಾಗೆ ಮಾಡಿ, ಒಂದು ಗಂಟೆಯ ನಂತರ ಸರಳು ಬೆಳ್ಳಗೆ ತೊಳೆದಿಟ್ಟಂತೆ ಇದ್ದುದನ್ನು ಕಂಡು ಬೆಚ್ಚಿಬಿದ್ದಿದ್ದೆ. ಸಂಪರ್ಕ ಸರಿಯಿದ್ದರೆ ಸರಳಿನ ಮೇಲೆ ಕಂದು ಬಣ್ಣದ ಕೆಸರು ಮೆತ್ತಿಕೊಳ್ಳುತ್ತದೆ; ಆಗಾಗ ಚಾರ್ಜರ್ ಆರಿಸಿ, ಅದನ್ನು ಕೆರೆದು ಮತ್ತೆ ಇಳಿಸಬೇಕು.

ಟ್ಯಾಂಕಿನ ಒಳಮೈಯಿಂದ ಏಳುವ ಗುಳ್ಳೆಗಳು ಜಲಜನಕ. 2 ಆಂಪಿಯರ್ ವಿದ್ಯುತ್ತು 12 ಗಂಟೆ ಹರಿದರೆ ಸುಮಾರು 10 ಲೀಟರ್ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 4 ಮುಟ್ಟಿದರೂ ಒಂದು ಕಿಡಿ ಸಾಕು. ಆದ್ದರಿಂದ ಈ ಕೆಲಸವನ್ನು ಕೊಟ್ಟಿಗೆಯೊಳಗಲ್ಲ, ಅಂಗಳದಲ್ಲಿ, ಟ್ಯಾಂಕಿನ ಬಾಯಿಯನ್ನು ಮುಚ್ಚದೆ ಮಾಡಬೇಕು. ಕ್ಲಿಪ್ಪು ಕೀಳುವ ಮೊದಲು ಗೋಡೆಯ ಸ್ವಿಚ್ಚನ್ನು ಆರಿಸಬೇಕು. ಬಣ್ಣದ ಮೇಲೆ ನೊರೆ ಇಳಿಯದಂತೆ ಬಾಯಿಯ ಸುತ್ತ ಪ್ಲಾಸ್ಟಿಕ್ ಹಾಳೆ ಅಂಟಿಸಿರಿ.

ಈ ವಿಧಾನಕ್ಕೆ ಒಂದು ಮಿತಿಯಿದೆ: ಸರಳಿಗೆ ನೇರವಾಗಿ ಎದುರಿರುವ ಭಾಗವೇ ಚೆನ್ನಾಗಿ ಶುದ್ಧವಾಗುತ್ತದೆ. ಜೀನಿನಂತೆ ಎರಡೂ ಬದಿಗೆ ಇಳಿಯುವ ಟ್ಯಾಂಕಿನ ಜೋಲು ಭಾಗಗಳಿಗೆ ಸರಳನ್ನು ಬಾಗಿಸಿ, ಒಂದೊಂದು ಬದಿಗೂ ಬೇರೆ ಬೇರೆಯಾಗಿ ಒಂದೊಂದು ದಿನ ಬಿಡಬೇಕಾದೀತು. ಕೆಂಪು ತುಕ್ಕು ಮಸಿಯಂಥ ಕಪ್ಪು ಪುಡಿಯಾಗಿ ಸಡಿಲವಾದ ಮೇಲೆ ರಭಸದ ನೀರಿನಿಂದ ತೊಳೆದು, ಕೂಡಲೇ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಾಯಿಸಿರಿ. ತಡ ಮಾಡಿದರೆ ನಿಮಿಷಗಳಲ್ಲೇ ಹೊಸ ತುಕ್ಕು ಮೂಡುತ್ತದೆ. ಪೂರ್ತಿ ಒಣಗಿ ಆರಿದ ನಂತರ, ಹೇಗೂ ಟೂ-ಸ್ಟ್ರೋಕ್ ಬೈಕಾದ್ದರಿಂದ, ಅದರ ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲನ್ನೇ ಸ್ವಲ್ಪ ಹಾಕಿ ಒಳಗೆಲ್ಲ ಹರಡುವಂತೆ ಉರುಳಿಸಿರಿ. ತುಕ್ಕು ತಿಂದುಹಾಕಿದ ಲೋಹ ಮರಳಿ ಬರುವುದಿಲ್ಲ. ಇಷ್ಟು ದಿನ ತುಕ್ಕೇ ಮುಚ್ಚಿಟ್ಟಿದ್ದ ಸೂಜಿತೂತುಗಳು ತೆರೆದುಕೊಳ್ಳಬಹುದು. ಆದ್ದರಿಂದ ಬೈಕಿಗೆ ಕೂರಿಸುವ ಮೊದಲು ಅಡಿಯ ಬೆಸುಗೆಯ ಹೊರಮೈಯನ್ನು ಒರೆಸಿ, ಪೆಟ್ರೋಲ್ ತುಂಬಿ, ಬೆಂಕಿಯ ಸುಳಿವಿಲ್ಲದ ಬಯಲಿನಲ್ಲಿ ಕೆಲವು ಗಂಟೆ ಹಳೆಯ ಪತ್ರಿಕೆಯ ಮೇಲಿಟ್ಟು ನೋಡಿರಿ.

ಪ್ರಶ್ನೆ: ಹೇಳಿದಂತೆಯೇ ಜೋಡಿಸಿದ್ದೇನೆ, ಆದರೆ ನನ್ನ ಹೊಸ ಚಾರ್ಜರಿನಲ್ಲಿ ಗುಳ್ಳೆಯೇ ಏಳುವುದಿಲ್ಲ.
– ಇನ್ನೊಬ್ಬ ಓದುಗರು, ಹಾಸನ

ಉತ್ತರ: ಸ್ವಯಂಚಾಲಿತ ಚಾರ್ಜರುಗಳು ಎದುರಿಗೆ ಬ್ಯಾಟರಿಯ ವೋಲ್ಟೇಜ್ ಕಾಣದಿದ್ದರೆ ವಿದ್ಯುತ್ತನ್ನೇ ಬಿಡುವುದಿಲ್ಲ. ಹಳೆಯ ಮಾದರಿಯ ಸಾದಾ ಟ್ರಾನ್ಸ್‌ಫಾರ್ಮರ್ ಚಾರ್ಜರನ್ನು ಪರಿಚಿತ ಬ್ಯಾಟರಿ ಅಂಗಡಿಯವರಿಂದ ಎರಡು ದಿನದ ಮಟ್ಟಿಗೆ ಕೇಳಿ ತನ್ನಿ.