ಹೊಸ ಲ್ಯಾಪ್‌ಟಾಪಿಗೆ ಯಾವ ಸಾಫ್ಟ್‌ವೇರ್ ಹಾಕಲಿ? ಮೊದಲು ಹಳೇ ನುಡಿ ಫೈಲುಗಳನ್ನು ಉಳಿಸಿಕೊಳ್ಳಿ

2012ರ ವಿಂಡೋಸ್ 7 ಕಂಪ್ಯೂಟರ್ ಬಿಟ್ಟು ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್ ತಗೊಂಡಿದ್ದೀರಿ. ಹಳೆಯದರಲ್ಲಿ ಸಂಘದ ಸದಸ್ಯರ ಪಟ್ಟಿ, ಸಭೆಯ ನಡಾವಳಿ, ನಿಮ್ಮ ಸ್ವಂತ ಬರಹ ಎಲ್ಲವೂ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿವೆ. ಜೊತೆಗೆ ಮನೆಯ ಫೋಟೋಗಳು. ಹೊಸದಕ್ಕೆ ಯಾವ್ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ ಎಂದು ಕೇಳಿದ್ದೀರಿ.

ಹೆಸರುಗಳನ್ನು ಹೇಳುತ್ತೇನೆ. ಆದರೆ ಸಾಫ್ಟ್‌ವೇರ್ ಇವತ್ತಲ್ಲ ನಾಳೆ ಇಳಿಸಿಕೊಳ್ಳಬಹುದು. ಕಳೆದುಹೋದ ಬರಹವನ್ನು ಎಲ್ಲಿಂದಲೂ ಇಳಿಸಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ತಂದೆ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವರು. ನಿವೃತ್ತಿಯ ನಂತರ ಊರಿನ ಅಜ್ಜಿಯರ ಹತ್ತಿರ ಕೂತು ಬೀಸುವ ಪದ, ಸೋಬಾನೆ ಪದ ಕೇಳಿ ಕೇಳಿ ಬರೆದುಕೊಂಡರು. ರಾತ್ರಿ ಅವನ್ನೆಲ್ಲ ನುಡಿಯಲ್ಲಿ ಟೈಪ್ ಮಾಡುತ್ತಿದ್ದರು. ಆರು ವರ್ಷದ ಕೆಲಸ. 2016ರಲ್ಲಿ ಅವರಿಗೆ ಹೊಸ ಕಂಪ್ಯೂಟರ್ ತಂದಾಗ ನಾನು ಡಿ ಡ್ರೈವ್ ಪೂರ್ತಿ ಕಾಪಿ ಮಾಡಿದೆ. ಎಲ್ಲ ಬಂತು ಅಂದುಕೊಂಡೆ. ಅವರು ಪದಗಳನ್ನೆಲ್ಲ ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದರು. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನೊಳಗೆ. ಪುಣ್ಯಕ್ಕೆ ಹಳೇ ಹಾರ್ಡ್ ಡಿಸ್ಕ್ ಇನ್ನೂ ಬೀರುವಿನಲ್ಲಿತ್ತು. ಅದರಿಂದ ಪದಗಳು ಸಿಗುವವರೆಗಿನ ಹದಿನೈದು ದಿನ ತಂದೆಯ ಮುಖ ನೋಡಲು ಆಗುತ್ತಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಹಳೇ ಕಂಪ್ಯೂಟರಿನಲ್ಲಿ ಸಿ ಡ್ರೈವ್ ತೆರೆದು ಯೂಸರ್ಸ್ ಎಂಬ ಫೋಲ್ಡರಿಗೆ ಹೋಗಿ. ನಿಮ್ಮ ಹೆಸರಿನ ಫೋಲ್ಡರ್ ಅಲ್ಲಿರುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲವೂ ಅದರೊಳಗೇ. ಅದನ್ನು ಇಡಿಯಾಗಿ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಬೇರೆ ಡ್ರೈವ್‌ಗಳು. ಇನ್ನೊಂದು ಫೋಲ್ಡರ್ ಬಹಳ ಜನ ಮರೆಯುತ್ತಾರೆ: ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್. ಅಲ್ಲಿರುವ ನುಡಿ, ಬರಹ, ಶ್ರೀಲಿಪಿ ಫಾಂಟುಗಳನ್ನು (ಬರಹ, ಶ್ರೀಲಿಪಿ ಕೂಡ ನುಡಿಯಂಥ ಕನ್ನಡ ಸಾಫ್ಟ್‌ವೇರುಗಳೇ) ಬೇರೆಯಾಗಿ ತೆಗೆದಿಟ್ಟುಕೊಳ್ಳಿ. ಅವು ಇಲ್ಲದಿದ್ದರೆ ನಿಮ್ಮ ಹಳೇ ಫೈಲುಗಳನ್ನು ಓದುವುದೇ ಕಷ್ಟ.

ಯಾಕೆ ಅಂತ ಹೇಳುತ್ತೇನೆ, ಇದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಹಳೇ ನುಡಿ ಫೈಲಿನಲ್ಲಿ ನಿಜವಾಗಿ ಕನ್ನಡ ಅಕ್ಷರಗಳೇ ಇಲ್ಲ. ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳು. ನುಡಿ ಫಾಂಟು ಅವುಗಳ ಮೇಲೆ ಕನ್ನಡದ ಆಕಾರ ಕೂರಿಸಿ ತೋರಿಸುತ್ತದೆ. ಉದಾಹರಣೆಗೆ "ಕನ್ನಡ" ಪದದ ಕ ಇಂಗ್ಲಿಷಿನ ಪಿ ಅಕ್ಷರದಲ್ಲಿ ಕೂತಿದೆ. ನ ಕೂತಿರುವುದು ಬ್ರಿಟನ್ನಿನ ಪೌಂಡ್ ಗುರುತಿನಲ್ಲಿ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಪಿ, ತಲೆ ಮೇಲೆ ಗೆರೆ ಇರುವ ಎ, ಪೌಂಡ್ ಗುರುತು ಹೀಗೆ ಕಾಣಿಸುತ್ತದೆ. ಫೈಲ್ ಹಾಳಾಗಿದೆ ಎಂದು ಗಾಬರಿಯಾಗಿ ಅಳಿಸಿಬಿಟ್ಟವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಅಳಿಸಬೇಡಿ. ಫೈಲು ಸರಿಯಾಗಿಯೇ ಇದೆ.

ಸದಸ್ಯರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಹೋದಾಗ ಹೆಸರುಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ ಎಂದೂ ಬರೆದಿದ್ದೀರಿ. ಅದಕ್ಕೂ ಇದೇ ಕಾರಣ. ಎಕ್ಸೆಲ್ ಪಾಪ ಪಿ, ಪೌಂಡ್ ಗುರುತುಗಳನ್ನು ಜೋಡಿಸುತ್ತಿದೆ. ಕ, ಖ, ಗ ಅದಕ್ಕೆ ಗೊತ್ತೇ ಇಲ್ಲ.

ಪರಿಹಾರ ಯೂನಿಕೋಡ್. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಇದೆ. 1991ರ ಮೊದಲ ಆವೃತ್ತಿಯಿಂದಲೂ ಕನ್ನಡ ಅದರಲ್ಲಿದೆ. ಈಗ ಮೊಬೈಲಿನಲ್ಲಿ, ವಾಟ್ಸಾಪಿನಲ್ಲಿ ನಾವು ಓದುವ ಕನ್ನಡ ಎಲ್ಲ ಯೂನಿಕೋಡೇ. ಹೊಸ ಲ್ಯಾಪ್‌ಟಾಪಿನಲ್ಲಿ ಇನ್ನು ಮುಂದೆ ಬರೆಯುವುದೆಲ್ಲ ಯೂನಿಕೋಡಿನಲ್ಲಿರಲಿ. ಹಳೆಯದನ್ನೂ ನಿಧಾನವಾಗಿ ಅದಕ್ಕೆ ತನ್ನಿ.

ಹಾಗಾಗಿ ಮೊದಲು ಹಾಕಬೇಕಾದ ಸಾಫ್ಟ್‌ವೇರ್ ನುಡಿಯೇ, ಆದರೆ ಯೂನಿಕೋಡ್ ಬೆಂಬಲ ಇರುವ ಹೊಸ ಆವೃತ್ತಿ. ಕನ್ನಡ ಗಣಕ ಪರಿಷತ್ತು ರೂಪಿಸಿದ್ದು, ಉಚಿತ. ನಿಮ್ಮ ಬೆರಳುಗಳಿಗೆ ಪರಿಚಯವಿರುವ ಕೀಲಿಮಣೆಯೇ ಇದರಲ್ಲೂ ಇದೆ. ಈ ವಿನ್ಯಾಸದ ಹಿಂದೆ ಇರುವವರು ಕೆ.ಪಿ. ರಾವ್. "ಕನ್ನಡ" ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು, ಇಷ್ಟೇ, ಐದು ಕೀಲಿ. ಇಷ್ಟು ಕಡಿಮೆ ಒತ್ತಿನಲ್ಲಿ ಕನ್ನಡ ಮೂಡಿಸುವ ಈ ವಿನ್ಯಾಸದ ಮೇಲೆ ನನಗೆ ಬಹಳ ಗೌರವ. ದಿನಕ್ಕೆ ಹತ್ತು ಪುಟ ಟೈಪ್ ಮಾಡುವವರಿಗೆ ಇದರ ಬೆಲೆ ಗೊತ್ತು.

ನಿಮ್ಮ ಮನೆಯಲ್ಲಿ ನುಡಿ ಕಲಿಯದವರೂ ಇದನ್ನು ಬಳಸುತ್ತಾರೆ ಅಂದರೆ ವಿಂಡೋಸಿನಲ್ಲೇ ಇರುವ ಫೊನೆಟಿಕ್ ಕೀಲಿಮಣೆ ಸಾಕು. 2019ರಲ್ಲಿ ವಿಂಡೋಸ್ 10ಕ್ಕೆ ಸೇರಿಸಿದರು, 11ರಲ್ಲೂ ಇದೆ. ಸೆಟ್ಟಿಂಗ್ಸಿನಲ್ಲಿ ಭಾಷೆ ವಿಭಾಗಕ್ಕೆ ಹೋಗಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಫೊನೆಟಿಕ್ ಕೀಲಿಮಣೆ ಆರಿಸಿ. ಇಂಗ್ಲಿಷಿನಲ್ಲಿ ಉಚ್ಚಾರದಂತೆ ಹೊಡೆದರೆ ಕನ್ನಡ ಬರುತ್ತದೆ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಕನ್ನಡ ಸೇರಿಸಿದ ತಕ್ಷಣ ಮೊದಲು ಬರುವ ಕೀಲಿಮಣೆ ಸಾಮಾನ್ಯವಾಗಿ ಇನ್‌ಸ್ಕ್ರಿಪ್ಟ್. ಅದನ್ನು ನೋಡಿ ಅಕ್ಷರ ಎಲ್ಲೆಲ್ಲೋ ಬರುತ್ತಿದೆ ಎಂದು ಕಂಗಾಲಾಗಬೇಡಿ, ಅದೊಂದು ಬೇರೆ ವಿನ್ಯಾಸ ಅಷ್ಟೇ.

ಹೊಸ ಲ್ಯಾಪ್‌ಟಾಪಿನಲ್ಲಿ ನುಡಿ ಹಾಕಲು ಬಿಡುತ್ತಲೇ ಇಲ್ಲ ಅಂದರೆ ಅದು ಎಸ್ ಮೋಡಿನಲ್ಲಿರಬಹುದು. ಕೆಲವು ಲ್ಯಾಪ್‌ಟಾಪುಗಳು ಹಾಗೇ ಬರುತ್ತವೆ. ಆ ಮೋಡಿನಲ್ಲಿ ಮೈಕ್ರೋಸಾಫ್ಟ್ ಸ್ಟೋರಿನ ಆಪ್‌ಗಳು ಮಾತ್ರ ನಡೆಯುತ್ತವೆ. ಸೆಟ್ಟಿಂಗ್ಸಿನ ಆಕ್ಟಿವೇಷನ್ ಪುಟದಿಂದ ಅದರಿಂದ ಹೊರಗೆ ಬರಬಹುದು, ದುಡ್ಡು ಕೊಡಬೇಕಿಲ್ಲ. ಮತ್ತೆ ಒಳಗೆ ಹೋಗಲು ಬರುವುದಿಲ್ಲ, ಹೋಗುವ ಅಗತ್ಯವೂ ಇಲ್ಲ.

ಈಗ ಹಳೇ ಫೈಲುಗಳ ಪರಿವರ್ತನೆ. ನುಡಿಯ ಜೊತೆಗೇ ಪರಿವರ್ತಕ ಸಿಗುತ್ತದೆ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ ತಂತ್ರಾಂಶದಲ್ಲೂ ಇದೆ. ಮೊದಲು ಫೈಲಿನ ಫಾಂಟ್ ಹೆಸರು ನೋಡಿ. ನುಡಿ ಎಂದೋ ಬಿಆರ್‌ಎಚ್ (ಬರಹದ ಫಾಂಟು) ಎಂದೋ ಇದ್ದರೆ ಈ ಪರಿವರ್ತಕಗಳು ಸಾಕು. ಶ್ರೀಲಿಪಿಯ ಸಂಕೇತಗಳೇ ಬೇರೆ, ಅದಕ್ಕೆ ಬೇರೆ ಪರಿವರ್ತಕ ಬೇಕು. ಮೂಲ ಫೈಲನ್ನು ಮುಟ್ಟಬೇಡಿ. ಅದರ ಕಾಪಿ ಮಾಡಿಕೊಂಡು ಕಾಪಿಯ ಮೇಲೆ ಕೆಲಸ ಮಾಡಿ.

ಪರಿವರ್ತನೆ ಆದ ಮೇಲೆ ಕಣ್ಣಿಂದ ಓದಲೇಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ಅರ್ಕಾವತ್ತು ಇರುವ ಪದಗಳನ್ನು ಮೊದಲು ನೋಡಿ. ಸೂರ್ಯ, ವರ್ಷ, ಕಾರ್ಯದರ್ಶಿ ಇಂಥವು. ಆಮೇಲೆ ನಡುನಡುವೆ ಇರುವ ಇಂಗ್ಲಿಷ್ ಪದಗಳು. ಫಾಂಟ್ ಗಮನಿಸದ ಪರಿವರ್ತಕಕ್ಕೆ ಇಂಗ್ಲಿಷಿನ ಪಿ ಯಾವುದು, ಕನ್ನಡದ ಕ ಆಗಿರುವ ಪಿ ಯಾವುದು ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್, ಇಮೇಲ್ ವಿಳಾಸ ಎಲ್ಲ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ನಿಮ್ಮ ಸದಸ್ಯರ ಪಟ್ಟಿಯಲ್ಲಿ ಖಾತೆ ವಿವರ ಇದ್ದರೆ ಕನ್ನಡ ಇರುವ ಕಾಲಂಗಳನ್ನು ಮಾತ್ರ ಪರಿವರ್ತಿಸಿ, ಉಳಿದವನ್ನು ಹಾಗೇ ಬಿಡಿ.

ತಂದೆಯ ಪದಗಳನ್ನು ನಾನು ಹೀಗೇ ದಿನಕ್ಕೆ ನಾಲ್ಕೈದರಂತೆ ಪರಿವರ್ತಿಸಿದೆ. ಮುಗಿದ ದಿನ ಅವರ ಮುಂದೆ ಕೂತು "ರಾಗಿ" ಎಂದು ಹುಡುಕಿದೆ. ಪರದೆಯ ತುಂಬ ರಾಗಿ ಬೀಸುವ ಪದಗಳು ಒಂದರ ಹಿಂದೆ ಒಂದು ಬಂದವು. ನುಡಿ ಫಾಂಟಿನಲ್ಲಿದ್ದಾಗ ಒಂದು ಪದ ಹುಡುಕಲು ಅವರು ನೋಟ್‌ಬುಕ್ಕಿನಲ್ಲಿ ಪುಟದ ಸಂಖ್ಯೆ ಬರೆದಿಟ್ಟುಕೊಳ್ಳುತ್ತಿದ್ದರು.

ಬರೆಯಲು ಮತ್ತು ಲೆಕ್ಕಕ್ಕೆ ಲಿಬ್ರೆಆಫೀಸ್ ಹಾಕಿಕೊಳ್ಳಿ. ಲ್ಯಾಪ್‌ಟಾಪಿನ ಜೊತೆ ಮೈಕ್ರೋಸಾಫ್ಟ್ ಆಫೀಸ್ ಪೂರ್ತಿ ಬಂದಿದ್ದರೆ ಅದೇ ಸಾಕು. ಏನೂ ಬಂದಿಲ್ಲದಿದ್ದರೆ ಅಥವಾ ಕೆಲವು ತಿಂಗಳ ಟ್ರಯಲ್ ಬಂದಿದ್ದರೆ ಮಾತ್ರ ಲಿಬ್ರೆಆಫೀಸ್ ಬಗ್ಗೆ ಯೋಚಿಸಿ. ಲಿಬ್ರೆಆಫೀಸ್ ಉಚಿತ, ವರ್ಡ್ ಮತ್ತು ಎಕ್ಸೆಲ್ ಫೈಲುಗಳನ್ನು ತೆರೆಯುತ್ತದೆ, ಮೆನುಗಳನ್ನೂ ಕನ್ನಡದಲ್ಲಿ ಪಡೆಯಬಹುದು. ಹಾಕಿದ ಮೇಲೆ ಆಪ್ಷನ್ಸಿನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದಕ್ಕೆ ಟಿಕ್ ಹಾಕಿ ಕನ್ನಡ ಆರಿಸಿ. ಇದನ್ನು ಮಾಡದಿದ್ದರೆ ಕನ್ನಡದ ಫಾಂಟ್ ಎಲ್ಲಿ ಬದಲಾಯಿಸುವುದು ಎಂದೇ ತಿಳಿಯುವುದಿಲ್ಲ.

ಫಾಂಟಿನ ವಿಷಯಕ್ಕೆ ಬಂದರೆ, ಹೊಸ ವಿಂಡೋಸಿನಲ್ಲಿ ಕನ್ನಡಕ್ಕೆ ನಿರ್ಮಲಾ ಯುಐ ಇರುತ್ತದೆ. ಹಳೆಯದರಲ್ಲಿದ್ದ ತುಂಗಾ ಕಾಣಿಸದಿದ್ದರೆ ಸೆಟ್ಟಿಂಗ್ಸಿನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟುಗಳು ಎಂದು ಇದೆ, ಅದನ್ನು ಸೇರಿಸಿದರೆ ಬರುತ್ತದೆ. ಪುಸ್ತಕದಂಥ ನೋಟ ಬೇಕಾದರೆ ನೋಟೋ ಸೆರಿಫ್ ಕನ್ನಡ ನನಗೆ ಇಷ್ಟ. ಅದೂ ಉಚಿತ.

ಉಳಿದವು ಬೇಗ ಹೇಳಿಬಿಡುತ್ತೇನೆ. ವಿಡಿಯೋ, ಹಾಡಿಗೆ ವಿಎಲ್‌ಸಿ. ಜಿಪ್, ರಾರ್ ಬಿಚ್ಚಲು 7-ಜಿಪ್. ಪಿಡಿಎಫ್ ಸುಮ್ನೆ ಓದಲು ಸುಮಾತ್ರಾ ಪಿಡಿಎಫ್, ತುಂಬಾ ಹಗುರ. ಫೋಟೋ ನೋಡಲು, ಸೈಜು ಕಡಿಮೆ ಮಾಡಲು ಇರ್ಫಾನ್‌ವ್ಯೂ. ಫೈಲ್ ಎಲ್ಲಿಟ್ಟೆ ಎಂದು ಮರೆಯುವ ಅಭ್ಯಾಸ ಇದ್ದರೆ ಎವೆರಿಥಿಂಗ್ ಎಂಬ ಪುಟ್ಟ ಸಾಫ್ಟ್‌ವೇರ್ ಹಾಕಿ. ಹೆಸರಿನ ಎರಡಕ್ಷರ ಹೊಡೆಯುವಷ್ಟರಲ್ಲಿ ಫೈಲ್ ತೋರಿಸುತ್ತದೆ, ಕನ್ನಡದಲ್ಲಿ ಹೆಸರಿಟ್ಟಿದ್ದರೂ ಸಿಗುತ್ತದೆ. ಬ್ರೌಸರ್ ನಿಮಗೆ ಒಗ್ಗಿದ್ದು ಯಾವುದಾದರೂ ಆಗಬಹುದು, ನಾನು ಫೈರ್‌ಫಾಕ್ಸ್ ಬಳಸುತ್ತೇನೆ.

ಇವನ್ನು ಎಲ್ಲಿಂದ ಇಳಿಸಿಕೊಳ್ಳುತ್ತೀರಿ ಎಂಬುದರ ಬಗ್ಗೆ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ಗೂಗಲ್ ಮಾಡಿದಾಗ ಮೇಲೆ ಬರುವ ಜಾಹೀರಾತು ಕೊಂಡಿಗಳನ್ನು ಒತ್ತಬೇಡಿ. ಅವುಗಳಲ್ಲಿ ನಕಲಿ ತಾಣಗಳೂ ಇರುತ್ತವೆ. ನಿನೈಟ್ ಎಂಬ ತಾಣದಲ್ಲಿ ಬೇಕಾದವುಗಳಿಗೆ ಟಿಕ್ ಹಾಕಿದರೆ ಒಂದೇ ಫೈಲ್ ಕೊಡುತ್ತದೆ. ಅದನ್ನು ಓಡಿಸಿದರೆ ಎಲ್ಲವೂ ಬೇಡದ ಟೂಲ್‌ಬಾರ್ ಇಲ್ಲದೆ ಒಟ್ಟಿಗೆ ಕೂರುತ್ತವೆ.

ಹಾಗೆಯೇ ತೆಗೆದುಹಾಕಬೇಕಾದ್ದೂ ಇದೆ. ಲ್ಯಾಪ್‌ಟಾಪಿನ ಜೊತೆ ಟ್ರಯಲ್ ಆಂಟಿವೈರಸ್ ಬಂದಿದ್ದು ನೀವು ದುಡ್ಡು ಕೊಟ್ಟು ಮುಂದುವರಿಸುವುದಿಲ್ಲ ಅಂದರೆ ತೆಗೆದುಬಿಡಿ. ವಿಂಡೋಸಿನದೇ ಡಿಫೆಂಡರ್ ತಾನಾಗಿ ಎದ್ದು ಕೂರುತ್ತದೆ. ಮನೆ ಬಳಕೆಗೆ ಅದು ಸಾಕು.

ಪಾಸ್‌ವರ್ಡುಗಳನ್ನು ಭದ್ರವಾಗಿ ಇಟ್ಟುಕೊಳ್ಳಲು ಬಿಟ್‌ವಾರ್ಡನ್ ಅಥವಾ ಕೀಪಾಸ್‌ಎಕ್ಸ್‌ಸಿ. ಮೊದಲನೆಯದು ಮೊಬೈಲಿನಲ್ಲೂ ತಾನೇ ಸಿಗುತ್ತದೆ. ಎರಡನೆಯದು ಎಲ್ಲವನ್ನೂ ನಿಮ್ಮದೇ ಡಿಸ್ಕಿನ ಒಂದು ಬೀಗ ಹಾಕಿದ ಫೈಲಿನಲ್ಲಿ ಇಡುತ್ತದೆ. ಹಳೇ ಬ್ರೌಸರಿನಿಂದ ಪಾಸ್‌ವರ್ಡ್ ಹೊರತೆಗೆದಾಗ ಸಿಗುವ ಸಿಎಸ್‌ವಿ ಫೈಲನ್ನು ಯಾರು ಬೇಕಾದರೂ ಓದಬಹುದು. ಹೊಸದಕ್ಕೆ ಸೇರಿಸಿದ ಕೂಡಲೇ ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿ.

ಇದೊಂದು ಕೆಲಸ ಇವತ್ತೇ ಮಾಡಿ. ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದಾಗ ಹೊಸ ವಿಂಡೋಸ್ 11 ಬಹಳ ಸಲ ತಾನಾಗಿಯೇ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿರುತ್ತದೆ, ಅಂದರೆ ಕೀ ಇಲ್ಲದವರು ಓದಲಾಗದಂತೆ ಬೀಗ ಹಾಕಿರುತ್ತದೆ. ಒಳ್ಳೆಯದೇ, ಕಳ್ಳತನವಾದರೆ ಒಳಗಿನದು ಯಾರಿಗೂ ಸಿಗುವುದಿಲ್ಲ. ಆದರೆ ಯಾವಾಗಲಾದರೂ ಮದರ್‌ಬೋರ್ಡ್ ಬದಲಾಯಿಸಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ನಿಮಗೂ ಸಿಗುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಆ ಕೀ ಇರುತ್ತದೆ. ಕಾಗದದ ಮೇಲೆ ಬರೆದು ಮನೆ ಪತ್ರಗಳ ಜೊತೆ ಇಡಿ. ಇಂಟರ್ನೆಟ್ಟಿನಲ್ಲಿ ಫೈಲ್ ಇಡುವ ಮೈಕ್ರೋಸಾಫ್ಟಿನ ಒನ್‌ಡ್ರೈವ್ ಕೂಡ ನೋಡಿಕೊಳ್ಳಿ. ಅದು ನಿಮ್ಮ ಡೆಸ್ಕ್‌ಟಾಪ್ ಮತ್ತು ಫೋಟೋಗಳನ್ನು ತನ್ನೊಳಗೆ ಸೇರಿಸಿಕೊಂಡಿರಬಹುದು, ಆದರೆ ಉಚಿತ ಜಾಗ 5 ಜಿಬಿ ಮಾತ್ರ. ನಿಮ್ಮ ಫೋಟೋಗಳಿಗೆ ಅದು ಸಾಲುವುದಿಲ್ಲ ಅಲ್ವಾ?

ಬ್ಯಾಕಪ್ಪಿಗೆ ಫ್ರೀಫೈಲ್‌ಸಿಂಕ್ ಬಳಸಿ, ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ. ಅದರಲ್ಲಿ ಮಿರರ್ ಎಂದು ಆರಿಸಿದರೆ ಲ್ಯಾಪ್‌ಟಾಪಿನಲ್ಲಿ ಅಳಿಸಿದ ಫೈಲ್ ಬ್ಯಾಕಪ್ಪಿನಿಂದಲೂ ಹೋಗುತ್ತದೆ. ಅಪ್‌ಡೇಟ್ ಎಂಬುದನ್ನು ಆರಿಸಿ.

ಹಳೇ ಕಂಪ್ಯೂಟರನ್ನು ಎಕ್ಸ್‌ಚೇಂಜಿಗೆ ಕೊಡುವುದಾದರೆ ಹಾರ್ಡ್ ಡಿಸ್ಕ್ ಬಿಚ್ಚಿಸಿಕೊಂಡು ಕೊಡಿ. ಕಡಿಮೆ ಅಂದರೂ ಆರು ತಿಂಗಳು ಅದನ್ನು ಫಾರ್ಮ್ಯಾಟ್ ಮಾಡಬೇಡಿ. ಏನೋ ಮರೆತದ್ದು ನೆನಪಾದರೆ ಸಾಟಾದಿಂದ (ಹಾರ್ಡ್ ಡಿಸ್ಕಿಗೆ ಕೇಬಲ್ ಸಿಕ್ಕಿಸುವ ಜಾಗ) ಯುಎಸ್‌ಬಿಗೆ ಹೋಗುವ ಕೇಬಲ್ ತಂದು ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ಸಾಕು. ನಿಮ್ಮದು ಡೆಸ್ಕ್‌ಟಾಪಿನ ದೊಡ್ಡ ಡಿಸ್ಕ್ ಆದರೆ ಬೇರೆ ಪವರ್ ಅಡಾಪ್ಟರ್ ಇರುವ ಕೇಬಲ್ಲೇ ಕೇಳಿ ತಗೊಳ್ಳಿ. ತಂದೆಯ ಪದಗಳು ಸಿಕ್ಕಿದ್ದು ಅಂಥದ್ದೇ ಕೇಬಲ್ಲಿನಿಂದ.

ನಿಮ್ಮ ಫೈಲುಗಳ ಫಾಂಟ್ ಹೆಸರು ಇಲ್ಲೇ ಕೆಳಗೆ ಬರೆಯಿರಿ. ನುಡಿ ಅಲ್ಲದೆ ಬೇರೆ ಏನಾದರೂ ಇದ್ದರೆ ಅದನ್ನು ಯೂನಿಕೋಡಿಗೆ ತರುವುದು ಹೇಗೆ ಎಂದು ನೋಡೋಣ.