ದಿನಾ ಪೂಜೆ ಮಾಡುವವರೆಲ್ಲ ಸಜ್ಜನರೇ? ನಮ್ಮ ಶಾಸ್ತ್ರಗಳ ಪ್ರಕಾರ ಸಜ್ಜನರ ಗುಣಗಳೇನು?

ಮೊದಲ ಪ್ರಶ್ನೆಗೆ ಉತ್ತರ ಸುಲಭ: ಅಲ್ಲ. ಎರಡನೆಯದಕ್ಕೆ ಸ್ವಲ್ಪ ಬರೆಯಬೇಕು.

ಭಗವದ್ಗೀತೆಯ 16ನೇ ಅಧ್ಯಾಯ ತೆಗೆದು ನೋಡಿ. ಮೊದಲ ಮೂರೇ ಶ್ಲೋಕಗಳಲ್ಲಿ ಕೃಷ್ಣ 26 ಗುಣಗಳನ್ನು ಹೇಳಿಬಿಡುತ್ತಾನೆ. ಅದಕ್ಕೆ ದೈವೀ ಸಂಪತ್ತು ಅಂತ ಹೆಸರು. ದಾನ, ಯಜ್ಞ, ತಪಸ್ಸು, ಅಹಿಂಸೆ, ಸತ್ಯ ಎಲ್ಲ ಅದರಲ್ಲಿವೆ. ಆದರೆ ಪಟ್ಟಿ ಶುರುವಾಗುವುದು ಅಭಯದಿಂದ. ಮೊದಲ ಸಲ ಓದಿದಾಗ ನನಗೆ ವಿಚಿತ್ರ ಅನ್ನಿಸಿತ್ತು. ಸಜ್ಜನ ಅಂದರೆ ತಲೆ ತಗ್ಗಿಸಿಕೊಂಡು ಹೋಗುವವನು ಅಂತಲೇ ತಿಳಿದಿದ್ದೆ. ಆಮೇಲೆ ನಾನು ಹೇಳಿದ ಸುಳ್ಳುಗಳನ್ನು ಕೂತು ಲೆಕ್ಕ ಹಾಕಿದೆ. ಮುಕ್ಕಾಲುಪಾಲು ಹೆದರಿಕೆಗೆ ಹೇಳಿದವು.

ನಿಜಕ್ಕೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೇ ಶ್ಲೋಕದ ಒಂದು ಪದ: ಅಪೈಶುನ. ಚಾಡಿ ಹೇಳದಿರುವುದು. ಒಬ್ಬರ ‘ರಂಧ್ರ’ವನ್ನು, ಅಂದರೆ ಕುಂದನ್ನು, ಇನ್ನೊಬ್ಬರಿಗೆ ಬಯಲು ಮಾಡಿ ತೋರಿಸುವುದು ಪೈಶುನ, ಅದಿಲ್ಲದಿರುವುದೇ ಅಪೈಶುನ ಎಂದು ಶಂಕರಾಚಾರ್ಯರು ಭಾಷ್ಯದಲ್ಲಿ ಬಿಡಿಸುತ್ತಾರೆ. ಆ ತೂತು ನಿಜವಾಗಿಯೂ ಇರಬಹುದು, ಅದೇ ಕಷ್ಟ. ‘ನಾನೇನು ಇಲ್ಲದ್ದು ಹೇಳಿದೆನಾ?’ ಎಂಬ ನಮ್ಮ ಮಾಮೂಲಿ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ.

ಬಸವಣ್ಣನವರ ‘ಕಳಬೇಡ ಕೊಲಬೇಡ’ ವಚನದಲ್ಲಿ ಏಳು ‘ಬೇಡ’ಗಳಿವೆ. ಕಳವು, ಕೊಲೆ ಮೊದಲ ಎರಡಕ್ಕೇ ಮುಗಿದುಹೋಗುತ್ತವೆ. ಉಳಿದವುಗಳಲ್ಲಿ ಮೂರು ನಾಲಿಗೆಯದ್ದೇ: ಹುಸಿ ನುಡಿಯಬೇಡ, ತನ್ನ ಬಣ್ಣಿಸಬೇಡ, ಇದಿರ ಹಳಿಯಬೇಡ. ಅಂತರಂಗಶುದ್ಧಿಯೂ ಇದೇ, ಬಹಿರಂಗಶುದ್ಧಿಯೂ ಇದೇ ಅನ್ನುತ್ತಾರೆ. ಮಡಿ, ಸ್ನಾನದ ಮಾತೇ ಇಲ್ಲ.

ಪುಸ್ತಕ ಬಿಟ್ಟು ಹೇಳುವುದಾದರೆ, ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ಹಿಟ್ಟಿನ ಗಿರಣಿ ನಡೆಸುವವರೊಬ್ಬರು ಇದ್ದರು. ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗೆ. ರಾಗಿ ಡಬ್ಬಿ ಸಾಲಲ್ಲಿಟ್ಟು ಕಾಯುವಾಗ ಹೆಂಗಸರು ಗಂಡಸರು ಅನ್ನದೆ ಎಲ್ಲರ ಬಾಯಲ್ಲೂ ಊರಿನ ಸುದ್ದಿ. ಮಳೆ, ಬೆಲೆ, ಎಲೆಕ್ಷನ್ ಅಂತಿರುವಷ್ಟು ಹೊತ್ತು ಅವರೂ ಮಾತಾಡೋರು. ಅಲ್ಲಿಲ್ಲದ ಯಾರದೋ ಮಗಳ ವಿಷಯ ಬಂತೋ, ‘ಮುಂದಿನ ಡಬ್ಬಿ ಯಾರದಮ್ಮಾ?’ ಅಂತ ಕೇಳಿ ಸ್ವಿಚ್ ಒತ್ತಿಬಿಡೋರು. ಆ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳಬೇಕು! ಎಷ್ಟೋ ವರ್ಷ ನಾನು ಇದನ್ನು ಗಮನಿಸಿರಲೇ ಇಲ್ಲ.

ಹಾಗಂತ ಅವರಿಗೆ 26ಕ್ಕೆ 26 ಕೊಡಲಾರೆ. ಕೋಪ ಮೂಗಿನ ತುದಿಯಲ್ಲೇ. ಹಸಿ ರಾಗಿ ತಂದರೆ ಡಬ್ಬಿ ಸಮೇತ ವಾಪಸ್ ಕಳಿಸೋರು, ಅದೂ ಬೈದು. ಅಕ್ರೋಧವೂ ಪಟ್ಟಿಯಲ್ಲಿದೆಯಲ್ಲ! ಆದರೆ ಗೀತೆ ಇದನ್ನೊಂದು ಪರೀಕ್ಷೆಯಾಗಿ ಇಟ್ಟಿಲ್ಲ ಅಂತ ನನ್ನ ಅನಿಸಿಕೆ. ಐದನೇ ಶ್ಲೋಕದಲ್ಲಿ ಅರ್ಜುನ ಬಾಯಿ ಬಿಡದಿದ್ದರೂ ಕೃಷ್ಣನೇ ‘ಶೋಕಿಸಬೇಡ, ನೀನು ದೈವೀ ಸಂಪತ್ತಿಗೇ ಹುಟ್ಟಿದವನು’ ಎಂದು ಸಮಾಧಾನ ಹೇಳುತ್ತಾನೆ. ‘ನಾನು ಯಾವ ಗುಂಪಿನವನಪ್ಪಾ, ದೈವೀ ಗುಣದವನೋ ಆಸುರೀ ಗುಣದವನೋ’ ಎಂದು ಅವನು ಒಳಗೊಳಗೇ ಯೋಚಿಸುತ್ತಿದ್ದ ಅನ್ನುತ್ತದೆ ಭಾಷ್ಯ.

ಎರಡು ಗಂಟೆ ಪೂಜೆ ಮಾಡಿ ಎದ್ದು ಮನೆಯವರ ಮೇಲೆ ಕಿರುಚಾಡುತ್ತಾರೆ ಅಂತ ನಿಮ್ಮ ಪಕ್ಕದ ಮನೆಯವರ ಬಗ್ಗೆಯೂ ಬರೆದಿದ್ದೀರಿ. ಅದಕ್ಕೆ ಮಾತ್ರ ನಾನೀಗ ಗಿರಣಿ ಸ್ವಿಚ್ ಒತ್ತಬೇಕಾಗುತ್ತದೆ.